ಮೂರನೆಯ ಸಲ ತಗ್ಗಿದ ಬೆಳಕು

ಅಪ್ಪಾ, ನನ್ನ ನಕ್ಷತ್ರಕ್ಕೆ ಗ್ರಹ ಇದೆ, ನಿಜವಾಗಿಯೂ ಇದೆ! ಇಪ್ಪತ್ತನಾಲ್ಕು ದಿನಕ್ಕೊಮ್ಮೆ ಅದು ಮುಂದೆ ಹಾದಾಗ ನಕ್ಷತ್ರದ ಬೆಳಕು ಒಂದು ಚೂರು ತಗ್ಗುತ್ತದೆ. ಬಾಹ್ಯಾಕಾಶದಲ್ಲಿರುವ ನಮ್ಮ ದೂರದರ್ಶಕಕ್ಕೆ ಮೂರು ಸಲ ಹಾಗೆ ಕಾಣುವವರೆಗೆ ಆಫೀಸಿನಲ್ಲಿ ಯಾರೂ ‘ಗ್ರಹ’ ಎನ್ನುವಂತಿಲ್ಲ. ಎಂದವರು ಎಲ್ಲರಿಗೂ ಚಹಾ ಮಾಡಿಕೊಡಬೇಕು. ಬಾಯಿ ತಡೆಯಲಾರದೆ ನಾನು ಒಂಬತ್ತು ಸಲ ಮಾಡಿದ್ದೇನೆ! ಇವತ್ತು ಮೂರನೆಯ ಸಲ ತಗ್ಗಿದ್ದೇ ತಡ, ಎಂದೂ ನಗದ ನಮ್ಮ ಮೇಡಂ ಎದ್ದು ನಿಂತು, “ಗ್ರಹ ಕಣ್ರೀ, ಗ್ರಹ! ನೀನು ಕೂತ್ಕೊಳ್ಳಮ್ಮ, ಇವತ್ತು ಚಹಾ ನಂದು” ಅಂದರು. ನಕ್ಷತ್ರ ಮಂದವಾದ್ದರಿಂದ ಆ ಗ್ರಹದಲ್ಲಿ ನೀರು ಹೆಪ್ಪುಗಟ್ಟದೆ, ಕುದಿಯದೆ ನಿಲ್ಲುವಷ್ಟು ಹದವಾದ ಬಿಸಿ ಇರಬಹುದು. ಗಾಳಿ ಇದೆಯೋ ಇಲ್ಲವೋ ಇನ್ನು ನೋಡಬೇಕು.

ಇದಕ್ಕೆಂದೇ ಎರಡು ಸಲ ಊರಿಗೆ ಬರುವ ಪ್ರಯಾಣ ಮುಂದೂಡಿದಾಗ ನೀವು, “ಮದುವೆ ದಿನ ಕಂಡ ಅಳಿಯನನ್ನ ಇನ್ನೊಂದ್ಸಲ ನೋಡೋಕೆ ನನಗೂ ದೂರದರ್ಶಕ ಬೇಕೇನೇ?” ಎಂದು ರೇಗಿಸಿದಿರಲ್ಲ, ರಜೆ ಸಿಕ್ಕಿತು! ಇವರ ಕೆಮ್ಮೂ ವಾಸಿಯಾಗಿದೆ. ದೂರದರ್ಶಕ ಮನೆಯಲ್ಲೇ ಬಿಟ್ಟು ಸ್ಟೇಷನ್ನಿಗೆ ಬನ್ನಿ: ಇಬ್ಬರೂ ಬರುವ ಶನಿವಾರ ಬೆಳಗ್ಗೆ ಏಳರ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿಯುತ್ತೇವೆ.