ಪಟ್ಟಿಯಲ್ಲಿದ್ದ ಏಳನೆಯ ಊರು

ಅಥೆನ್ಸ್
9 ಮಾರ್ಚ್ 2013

ನನ್ನ ಮುದ್ದು ಮಿರ್ಸೀನಿ,

ಮೂರು ವಾರದಿಂದ ಫೋನಿನಲ್ಲಿ ಒಂದೇ ಮಾತು ಕೇಳುತ್ತಿದ್ದೀಯ: "ಅಮ್ಮಾ, ನೀನು ಬಜೆಟ್ ಕಚೇರೀಲೇ ಇದೀಯಲ್ಲ, ನಮ್ಮ ದ್ವೀಪದ ಸರ್ಕಾರಿ ಸೂಲಗಿತ್ತೀನ ಕೆಲಸದಿಂದ ತೆಗೆದಿದ್ದು ಯಾರು ಅಂತ ವಿಚಾರಿಸು." ವಿಚಾರಿಸ್ತೀನಿ ಅಂದೆ. ವಿಚಾರಿಸುವುದೇನೂ ಇರಲಿಲ್ಲ. ಯಾವ ಯಾವ ಊರಿನ ಸೂಲಗಿತ್ತಿಯನ್ನು ತೆಗೆಯಬೇಕೆಂಬ ಪಟ್ಟಿ ಮಾಡಿದವಳು ನಾನೇ.

ಅಕ್ಟೋಬರಿನಲ್ಲಿ ದೇಶಕ್ಕೆ ಸಾಲ ಕೊಟ್ಟವರು ಬಂದು ಕೂತಿದ್ದರು. ಖರ್ಚು ಇಳಿಸದಿದ್ದರೆ ಸಾಲದ ಮುಂದಿನ ಕಂತು ಕೊಡುವುದಿಲ್ಲ ಅಂದರು; ಕಂತು ಇಲ್ಲದಿದ್ದರೆ ಪಿಂಚಣಿಯೂ ಇಲ್ಲ. ಅದು ಸುಳ್ಳಲ್ಲ ಮಗಳೇ. ವರ್ಷಕ್ಕೆ ಹದಿನೈದು ಹೆರಿಗೆಯೂ ಆಗದ ಕಡೆ ಸೂಲಗಿತ್ತಿ ಬೇಡ ಎಂದು ನಿಯಮ ಮಾಡಿದೆ. ಒಂಬತ್ತು ಊರುಗಳು ಪಟ್ಟಿಗೆ ಬಂದವು. ಏಳನೆಯದು ನಿಮ್ಮದು. ಆಗ ನೀನು ನಾಲ್ಕು ತಿಂಗಳ ಬಸುರಿ. ಒಂಬತ್ತು ತುಂಬುವ ಮೊದಲೇ ನಿನ್ನನ್ನು ಇಲ್ಲಿಗೆ ಕರೆಸಿಕೊಂಡರಾಯಿತು ಅಂದುಕೊಂಡೆ. ಎಂಟಕ್ಕೇ ನೋವು ಬಂತು.

ಬಿರುಗಾಳಿಗೆ ಹಡಗಿನ ಓಡಾಟ ನಿಂತ ದಿನ ಪಂತೆಲಿಸ್ ನಿನ್ನನ್ನು ಮೀನಿನ ದೋಣಿಯಲ್ಲಿ ಪಕ್ಕದ ದ್ವೀಪದ ಆಸ್ಪತ್ರೆಗೆ ಕರೆದೊಯ್ದ. ಅರ್ಧ ದಾರಿಯಲ್ಲಿ ಹುಟ್ಟಿದ ಕೂಸು ಇಪ್ಪತ್ತು ನಿಮಿಷ ಉಸಿರಾಡಿತಂತೆ. ದೀಕ್ಷಾಸ್ನಾನ ಮಾಡಿಸಲು ಪಾದ್ರಿ ಎಲ್ಲಿಂದ ಬರಬೇಕು? ನೀರಿನ ಬದಲು ನಿನ್ನ ಗಂಡನೇ ಅದನ್ನು ಮೂರು ಸಲ ಗಾಳಿಗೆ ಎತ್ತಿ ಹೆಸರಿಟ್ಟ. ರೂಢಿಯಂತೆ ಮೊದಲ ಹೆಣ್ಣಿಗೆ ಇಡಬೇಕಾದದ್ದು ಅವನ ತಾಯಿಯ ಹೆಸರು, ಇಟ್ಟದ್ದು ನನ್ನದು. "ನಿಮಗೆ ಮಿರ್ಸೀನಿ ಒಬ್ಬಳೇ ಮಗಳಲ್ವಾ ಅತ್ತೆ, ನಿಮ್ಮ ಹೆಸರು ಇನ್ಯಾರು ಇಡ್ತಾರೆ" ಅಂದ. ಕೂಸಿನ ಸಮಾಧಿಯ ಹತ್ತಿರ ನಿಂತು ಅವನ ಮುಖ ನೋಡಲಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ನನಗೆ ಕಾಫಿ, ಬ್ರಾಂದಿ ಕೊಟ್ಟರು. ಒಬ್ಬ ಮುದುಕಿ ಕೈ ಹಿಡಿದುಕೊಂಡು, "ನೀನು ದೊಡ್ಡ ಕಚೇರಿಯವಳು ಕಣಮ್ಮ, ಕಲಿರೋಯಿನ ವಾಪಸ್ ಕಳ್ಸೋಕೆ ಹೇಳು, ಒಳ್ಳೆ ಸೂಲಗಿತ್ತಿ" ಅಂದಳು. ತಲೆ ಆಡಿಸಿದೆ. ಕಲಿರೋಯಿ ಜರ್ಮನಿಗೆ ಹೋಗಿ ಎರಡು ತಿಂಗಳಾಗಿದೆ. ಆ ಹುದ್ದೆ ಮತ್ತೆ ಕೊಡಿ ಎಂದು ನಾನು ಬರೆದ ಅರ್ಜಿಗೆ ಈ ವರ್ಷ ಆಗುವುದಿಲ್ಲ ಎಂದು ಉತ್ತರ ಬಂದಿದೆ. ಉತ್ತರ ಹಾಗೇ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕ್ಷಮಿಸು ಎಂದು ಕೇಳುವುದಿಲ್ಲ. ಇನ್ನೊಬ್ಬರ ಬಾಯಿಂದ ನಿನಗೆ ತಿಳಿಯಬಾರದು, ಅಷ್ಟೆ. ಊಟ ಬಿಡಬೇಡ. ಪಂತೆಲಿಸ್‌ಗೆ ನೀನೇ ಹೇಳು, ಇಲ್ಲವೇ ಹೇಳಬೇಡ.

ನಿನ್ನ ಅಮ್ಮ,
ಅಸ್ಪಾಸಿಯಾ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ, ಇದನ್ನೂ ಬರೆಯುತ್ತೇನೆ. ಪಟ್ಟಿ ಕಳಿಸುವ ಮೊದಲು ನಮ್ಮ ಮೇಲಧಿಕಾರಿ ನನ್ನನ್ನು ಒಳಗೆ ಕರೆದರು. "ಏಳನೇದು ನಿಮ್ಮ ಮಗಳಿರೋ ಊರಲ್ವೇನ್ರೀ? ಬಸುರಿ ಬೇರೆ ಅಂದ್ರಿ. ಹೂಂ ಅನ್ನಿ, ಆ ಊರನ್ನ ಪಟ್ಟಿಯಿಂದ ತೆಗೆದುಬಿಡ್ತೀನಿ. ಎಲ್ರೂ ತಮ್ಮೋರನ್ನ ಉಳಿಸ್ಕೊಂಡಿದಾರೆ." ನಾನು ಅಂದೆ: "ಬೇಡ ಸಾರ್. ದೇಶ ಈ ಗತಿಗೆ ಬಂದಿದ್ದೇ ನಮ್ಮೋರು ನಮ್ಮೋರು ಅಂದು." ಅವರು ಎದ್ದು ನಿಂತು ಕೈ ಕುಲುಕಿದರು. ಆ ಸಂಜೆ ನಾನು ಖುಷಿಯಾಗಿ ನಡೆದುಕೊಂಡೇ ಮನೆಗೆ ಬಂದೆ, ಮಗಳೇ.