ಪ್ಯಾನೆಲ್ ಮೇಲಿನ ಸಂಡಿಗೆ

ರೀ,

ನೀವು ಸ್ನಾನಕ್ಕೆ ಹೋದಾಗ ಇದನ್ನು ಬರೆದಿಟ್ಟು ಶೇಷಾದ್ರಿಪುರಂಗೆ ಅಕ್ಕನ ಮನೆಗೆ ಓಡುತ್ತಿದ್ದೇನೆ. ಸಂಜೆ ಬರುತ್ತೇನೆ. ಅಷ್ಟರಲ್ಲಿ ಕೋಪ ಇಳಿದಿರಲಿ.

ಸೋಲಾರ್ ಪ್ಯಾನೆಲ್ ಮಾರಿದವನ ಜೊತೆ ಜಗಳಕ್ಕೆ ಹೋಗಬೇಡಿ. ಪಾಪ, ಅವನ ಮಾಲು ಸರಿಯಾಗಿಯೇ ಇದೆ. ಮೂರು ದಿನದಿಂದ ಬ್ಯಾಟರಿ ತುಂಬದಿರುವುದಕ್ಕೆ ಕಾರಣ ನಾನು. ನೀವು ಆಫೀಸಿಗೆ ಹೋದ ಮೇಲೆ ಪ್ಯಾನೆಲ್ಲುಗಳ ಮೇಲೆ ಹಳೇ ಸೀರೆ ಹಾಸಿ, ಕ್ಲಿಪ್ ಹಾಕಿ, ಸಂಡಿಗೆ ಒಣಗಿಸುತ್ತಿದ್ದೆ. ಇನ್ನೇನು ಮಾಡಲಿ? ತಾರಸಿಯಲ್ಲಿ ಬಿಸಿಲು ಬೀಳುವ ಜಾಗವನ್ನೆಲ್ಲ ನೀವೇ ನುಂಗಿದ್ದೀರಿ.

ನಿನ್ನೆ ವೈರುಗಳನ್ನೆಲ್ಲ ಬಿಚ್ಚಿ ಹಾಕಿ, "ಇದು ನನ್ನ ಕೈಲಾಗಲ್ಲ ಕಣೇ, ಯಾರಿಗಾದ್ರೂ ಕೊಟ್ಬಿಡೋಣ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತಿರಲ್ಲ, ಆಗಲೇ ಹೇಳಿಬಿಡೋಣ ಎನಿಸಿತು. ಆದರೆ ನನ್ನ ಬಾಯಿ ತುಂಬ ಅರೆ ಒಣಗಿದ ಸಂಡಿಗೆ ಇತ್ತು.

ಸೀರೆಯಿಂದ ಜಿನುಗಿ ಗಾಜಿಗೆ ಅಂಟಿದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಈಗಲೇ ಒರೆಸಿ. ಬಿಸಿಲೇರಿದ ಮೇಲೆ ತಣ್ಣೀರು ಹುಯ್ದರೆ ಗಾಜು ಸೀಳು ಬಿಡುತ್ತದೆ ಎಂದು ನೀವೇ ಊರಿಗೆಲ್ಲ ಪಾಠ ಹೇಳಿದ್ದೀರಿ. ವೈರು ಮುಟ್ಟುವ ಮುಂಚೆ ಸ್ವಿಚ್ ಆರಿಸಿ. ಒದ್ದೆ ಪಂಚೆಯಲ್ಲಿ ಮೇಲೆ ಹತ್ತಬೇಡಿ. ಎದುರು ಮನೆಯವರೂ ನೋಡುತ್ತಾರೆ.

ಹೋದ ವಾರ ಕರೆಂಟು ಹೋದಾಗ ಬೀದಿಯಲ್ಲೆಲ್ಲ ತಿರುಗುತ್ತಿದ್ದದ್ದು ನಮ್ಮ ಮನೆಯ ಫ್ಯಾನ್ ಒಂದೇ. ಎದುರು ಮನೆಯ ಹೇಮಶ್ರೀ ಬಂದು ಫ್ಯಾನಿನ ಕೆಳಗೆ ಕೂತು, "ಯಾವ ಕಂಪನಿಯವ್ರು ಹಾಕಿದ್ದು ರೀ?" ಎಂದು ಕೇಳಿದಳು.

"ಯಾವ ಕಂಪನಿನೂ ಇಲ್ಲ, ನಮ್ಮನೆಯವ್ರೇ ಹಾಕಿದ್ದು" ಎಂದೆ. ಎರಡು ಸಲ ಹೇಳಿದೆ. ಮೊದಲನೇ ಸಲವೇ ಅವಳಿಗೆ ಕೇಳಿಸಿತ್ತು.

ಮಹಾನಂದ