ನಮ್ಮ ಹೊಸ್ತಿಲುಗಳ ಮೇಲೆ ಓಡುವ ನಿಮ್ಮ ರೈಲು

ಬೆಟ್ಟದ ರೈಲುಮಾರ್ಗದ ಪ್ರವಾಸ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಪುಕಾಲೋಮಾದ ಕಂದರದ ಮೇಲಿರುವ ರೈಲು ಸೇತುವೆಯ ಎರಡೂ ತುದಿಗೆ ನೀವು ಗೇಟು ಹಾಕಿಸಿ ಬೀಗ ಜಡಿಸಿ ನಾಲ್ಕು ತಿಂಗಳಾಯಿತು. ಆ ಬೀಗ ತೆಗೆಸಿ. ಇದನ್ನೇ ಮೂರು ಅರ್ಜಿಗಳಲ್ಲಿ ನಿಮ್ಮ ಕಚೇರಿಗೆ ಬರೆದಿದ್ದೆ. ಉತ್ತರವಾಗಿ, ಹಿಮಬೆಟ್ಟದ ಮುಂದೆ ಕೆಂಪು ರೈಲು ನಿಂತಿರುವ ಕ್ಯಾಲೆಂಡರ್ ಬಂತು. ಚಿತ್ರ ಚೆನ್ನಾಗಿದೆ. ನಾಲ್ಕನೆಯ ಅರ್ಜಿಯನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಿಮ್ಮ ರೈಲಿನ ಧ್ವನಿವರ್ಧಕ ಹೇಳುವುದನ್ನು ಗೇಟಿನ ಹಿಂದೆ ನಿಂತು ನಾನೇ ಕೇಳಿದ್ದೇನೆ. ಈ ಸೇತುವೆ ಹದಿನೆಂಟು ವರ್ಷ ಯಾರಿಗೂ ಬೇಡವಾಗಿ ಬಿದ್ದಿತ್ತಂತೆ, ಈಚೆ ದಡದಲ್ಲಿ ಮನುಷ್ಯರ ಸುಳಿವೇ ಇಲ್ಲವಂತೆ. ಹಾಗಾದರೆ ನಾನು ಯಾರು? ಗುಡ್ಡ ಕುಸಿದು ಹಳಿ ಮುಚ್ಚಿಹೋಗಿ ನಿಮ್ಮ ಇಲಾಖೆ ನಮ್ಮನ್ನು ಮರೆತ ಆ ಹದಿನೆಂಟು ವರ್ಷವೂ ನಾವು ಶಾಲೆಗೆ, ಸಂತೆಗೆ, ಸೂಲಗಿತ್ತಿಯ ಮನೆಗೆ ನಡೆದದ್ದು ಅದೇ ಸೇತುವೆಯ ಮೇಲೆ. ಹತ್ತು ನಿಮಿಷದ ದಾರಿ. ಕಂದರಕ್ಕಿಳಿದು ಹೊಳೆ ದಾಟಿ ಮತ್ತೆ ಹತ್ತಿದರೆ ಎರಡೂವರೆ ಗಂಟೆ, ಅದೂ ಮೊಣಕಾಲು ಗಟ್ಟಿಯಿದ್ದವರಿಗೆ. ನಿಮ್ಮ ರೈಲು ವಾರಕ್ಕೆ ನಾಲ್ಕು ದಿನ, ದಿನಕ್ಕೆರಡು ಬಾರಿ ದಾಟುತ್ತದೆ. ಬೀಗ ಮಾತ್ರ ಏಳು ದಿನವೂ ದುಡಿಯುತ್ತದೆ. ನಿಮ್ಮ ಇಲಾಖೆಯಲ್ಲಿ ಇಷ್ಟು ನಿಷ್ಠೆಯಿಂದ ಕೆಲಸ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ನಿಮ್ಮ ಮೇಲಿರುವಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ. ರೈಲು ನಿಂತ ಮೇಲೆ, ಹಳಿಯ ಕೆಳಗಿನ ಮರದ ದಿಮ್ಮಿಗಳನ್ನು ನಮ್ಮೂರಿನವರು ಮನೆಗೆ ತಂದು ಹೊಸ್ತಿಲು ಮಾಡಿಕೊಂಡಿದ್ದರು. ಕೊಳೆಯದ ಮರ, ಕಬ್ಬಿಣದಂಥದ್ದು. ಮಾರ್ಗಕ್ಕೆ ಮರುಜೀವ ಕೊಡುತ್ತೇವೆಂದು ನೀವು ಬಂದಾಗ ಸೇತುವೆಗೆ ದಿಮ್ಮಿ ಸಾಲಲಿಲ್ಲ. ನಮ್ಮಲ್ಲಿ ಮಿಂಗಾ ಕರೆದರೆ ಮನೆಗೊಬ್ಬರಂತೆ ಬಂದು ಕೂಲಿಯಿಲ್ಲದೆ ದುಡಿಯುತ್ತಾರೆ. ದುಡಿಸಿಕೊಂಡವನು ಆ ಋಣವನ್ನು ದುಡಿದೇ ತೀರಿಸಬೇಕು. ಆ ಮಿಂಗಾ ಕರೆದವಳು ನಾನು. ಹಳೆಯ ರೈಲಿನಲ್ಲಿ ದಿನವೂ ಹೋಗಿ ಹೈಸ್ಕೂಲು ಮುಗಿಸಿದವಳು. ನನಗೆ ಆ ಸಿಳ್ಳೆಯ ಮೇಲೆ ಮೋಹ. ಮನೆಮನೆಗೆ ಹೋಗಿ, ಗದರಿಸಿ, ನಾಚಿಸಿ, ಹೊಸ್ತಿಲು ಕೀಳಿಸಿದೆ. ಮೊದಲು ಕಿತ್ತದ್ದು ನನ್ನ ಅಡುಗೆಮನೆಯದು. ಆಚೆ ದಡದ ಸೂಲಗಿತ್ತಿ ಸೊಯ್ಲಾ ಗ್ವಾಮಾನ್, ನನ್ನ ಬಾಲ್ಯದ ಗೆಳತಿ, ತನ್ನದನ್ನು ಕೊಡುತ್ತಾ ಅಂದಳು: "ತಗೊಂಡ್ಹೋಗೇ ಹೆರ್ಮೆಲಿಂದಾ. ಸರ್ಕಾರದೋರಿಗೆ ಹಂದಿ ಕೊಟ್ರೆ ಕಟ್ಟಿದ ಹಗ್ಗಾನೂ ವಾಪಸ್ ಬರಲ್ಲ, ನೆನಪಿಟ್ಕೋ."

ಕೆಲಸ ಮುಗಿದ ದಿನ ನೀವೇ ನಮ್ಮ ಮನೆಗೆ ಊಟಕ್ಕೆ ಬಂದಿರಿ. ಹೊಸ್ತಿಲು ಕಿತ್ತ ಗುಂಡಿಯಲ್ಲಿ ಎಡವಿದಿರಿ, ನಾನೇ ಕೈ ಹಿಡಿದೆ. ಹುರಿದ ಗಿನಿಹಂದಿಯನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಾ, ರೈಲು ನಮ್ಮೂರಲ್ಲಿ ನಿಲ್ಲುತ್ತದೆ, ಒಂದು ಡಬ್ಬಿ ನಮಗೇ ಮೀಸಲು ಅಂದಿರಿ. ನಿಲ್ಲಲಿಲ್ಲ, ಡಬ್ಬಿಯೂ ಬರಲಿಲ್ಲ. ಬಂದದ್ದು ನಿಮ್ಮ ಕಚೇರಿಯ ಒಬ್ಬಳು ಹುಡುಗಿ. ರೈಲು ಹೋಗುವಾಗ ಕೆಂಪು ಶಾಲು ಹೊದ್ದು ಕೈ ಬೀಸುವುದು ಹೇಗೆಂದು ನಮಗೆ ಕಲಿಸಲು.

ಮೂರು ತಿಂಗಳ ಹಿಂದೆ ಒಂದು ಗುರುವಾರ ನನ್ನ ತಮ್ಮನ ಮಗಳಿಗೆ ಹೆರಿಗೆ ನೋವು ಬಂತು. ಆಚೆ ತುದಿಯಲ್ಲಿ ಸೊಯ್ಲಾ ಬಂದು ನಿಂತಿದ್ದಳು, ಈಚೆ ತುದಿಯಲ್ಲಿ ನಾನು. ಗೇಟಿನಲ್ಲಿದ್ದ ನಿಮ್ಮ ಕಾವಲುಗಾರ ಸೆಗುಂದೋ, ಚರ್ಚಿನಲ್ಲಿ ಜ್ಞಾನಸ್ನಾನದ ದಿನ ನಾನು ಧರ್ಮತಾಯಿಯಾಗಿ ಎತ್ತಿಕೊಂಡ ಮಗು. ಬೀಗ ತೆಗೆ ಅಂದೆ. ಅವನು ತಲೆ ಎತ್ತಲಿಲ್ಲ. "ಅವ್ವಾ, ನನ್ನ ಹತ್ರ ಬೀಗ ಅಷ್ಟೇ ಕೊಟ್ಟಿದ್ದಾರೆ. ಕೀಲಿಕೈ ಪಟ್ಟಣದ ಆಫೀಸಲ್ಲಿದೆ. ರೈಲಿನ ಜೊತೆ ಬಂದು ರೈಲಿನ ಜೊತೇನೇ ಹೋಗುತ್ತೆ." ಬೀಗ ಕಾಯಲು ಸಂಬಳ ಕೊಟ್ಟು ಕೀಲಿಕೈಯನ್ನು ನಲವತ್ತು ಕಿಲೋಮೀಟರ್ ದೂರ ಇಡುವ ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಮಾನ್ಯರೇ?

ಎಪ್ಪತ್ತರ ಸೊಯ್ಲಾ ಕಂದರಕ್ಕಿಳಿದಳು. ಮಗು ಅವಳಿಗಾಗಿ ಕಾಯಲಿಲ್ಲ, ನನ್ನ ಕೈಗೆ ಬಿತ್ತು; ದೇವರ ದಯೆ, ತಾಯಿ ಮಗು ಇಬ್ಬರೂ ಬದುಕಿದರು. ಸೊಯ್ಲಾಳ ಕಾಲು ಮಾತ್ರ ಹೊಳೆಯ ಬಂಡೆಗಳ ನಡುವೆ ಮುರಿಯಿತು. ನಾಲ್ವರು ಅವಳನ್ನು ಏಣಿಗೆ ಕಟ್ಟಿ ಮೇಲಕ್ಕೆ ಹೊರುತ್ತಿದ್ದಾಗ ನಿಮ್ಮ ರೈಲು ಸೇತುವೆಯ ಮೇಲೆ ನಿಧಾನವಾಯಿತು. ಪ್ರವಾಸಿಗರು ಚಿತ್ರ ತೆಗೆಯಲಿ ಎಂದು. ನಮಗಾಗಿ ಎಂದೂ ನಿಲ್ಲದ ರೈಲು. ಕಿಟಕಿಗಳಿಂದ ಜನ ಸಂತೋಷವಾಗಿ ಕೈ ಬೀಸಿದರು. ಏಣಿಯ ಮೇಲಿಂದಲೇ ಸೊಯ್ಲಾ ಅಂದಳು: "ನೀವೂ ಬೀಸ್ರೋ. ಅಷ್ಟು ದೂರದಿಂದ ಬಂದಿದ್ದಾರೆ, ಪಾಪ."

ಜೂನ್ ಮೊದಲ ವಾರ ನನ್ನ ಮಗಳು ನಿಯೆವೆಸ್‌ಗೆ ದಿನ ತುಂಬುತ್ತದೆ. ಹಿಂದಿನ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿತ್ತು. ಹೊಟ್ಟೆಯೊಳಗೇ ಅದನ್ನು ಸರಿಪಡಿಸಿದ್ದು ಸೊಯ್ಲಾಳ ಕೈ. ನನ್ನ ಕೈಗೆ ಆ ವಿದ್ಯೆ ಇಲ್ಲ. ಸೊಯ್ಲಾ ಈಗ ಕೋಲೂರಿ ಸಮತಟ್ಟು ನೆಲದಲ್ಲಿ ನಡೆಯುತ್ತಾಳೆ. ಕಂದರ ಇಳಿಯುವುದು ಅವಳಿಗೆ ಇನ್ನು ಈ ಜನ್ಮದಲ್ಲಿಲ್ಲ. ಸೇತುವೆ ಸಮತಟ್ಟಾಗಿದೆ.

ಆದ್ದರಿಂದ ಕೇಳುವುದು ಇಷ್ಟೇ. ಕೀಲಿಕೈ ಸೆಗುಂದೋನ ಕೈಗೆ ಬರಲಿ. ರೈಲು ದಾಟುವ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು ನಮಗೆ ನಡೆಯಲು ಗೇಟು ತೆರೆದಿರಲಿ. ಮೇ ತಿಂಗಳ ಕೊನೆಯ ಸೋಮವಾರದವರೆಗೆ ಕಾಯುತ್ತೇನೆ. ಅವತ್ತು ನಿಮ್ಮ ರೈಲಿಲ್ಲ, ಯಾರಿಗೂ ಅಪಾಯವಿಲ್ಲ. ಅಷ್ಟರಲ್ಲಿ ಬೀಗ ತೆಗೆಯದಿದ್ದರೆ, ಹಾಡಹಗಲಲ್ಲಿ, ಹೀಗೆ ನಿಮಗೆ ತಿಳಿಸಿಯೇ, ಪುಕಾಲೋಮಾದ ಪ್ರತಿ ಮನೆಯವರೂ ಬಂದು, ಬೀಗ ಒಡೆದು, ತಮ್ಮ ತಮ್ಮ ಹೊಸ್ತಿಲನ್ನು ಗುರುತು ಹಿಡಿದು ಕಿತ್ತು ಮನೆಗೆ ಒಯ್ಯುತ್ತಾರೆ. ನನ್ನದು ಈಚೆ ತುದಿಯಿಂದ ಮೂರನೆಯದು. ಕೊಡಲಿಯ ಎರಡು ಗೆರೆ ಇದೆ. ಉಳಿದ ದಿಮ್ಮಿಗಳ ಮೇಲೆ ನಾವು ನಡೆಯಬಹುದು, ಹದಿನೆಂಟು ವರ್ಷ ನಡೆದಿದ್ದೇವೆ; ರೈಲು ಮಾತ್ರ ಓಡುವುದಿಲ್ಲ. ಅದನ್ನು ಮಂಗಳವಾರವೇ ನಿಮ್ಮ ಪ್ರವಾಸಿಗರಿಗೆ ಹೇಳಿಬಿಡಿ. ಮೊದಲ ಮಿಂಗಾಕ್ಕೆ ಅಡುಗೆ ಮಾಡಿದವಳು ನಾನು. ಎರಡನೆಯದಕ್ಕೂ ಮಾಡುತ್ತೇನೆ. ಊಟಕ್ಕೆ ಬನ್ನಿ. ಈ ಸಲ ಎಡವಿದರೆ ಕೈ ಹಿಡಿಯುವುದಿಲ್ಲ.

ಇಂತಿ,
ತನ್ನ ಹೊಸ್ತಿಲನ್ನು ತಾನೇ ಕಿತ್ತುಕೊಟ್ಟ ದಡ್ಡಿ,
ಹೆರ್ಮೆಲಿಂದಾ ಯೂಪಾ
ಪುಕಾಲೋಮಾ, ಮನುಷ್ಯರ ಸುಳಿವಿಲ್ಲದ ದಡದಿಂದ